ಸಿಮಾರಾ ದ್ವೀಪಕ್ಕೆ ಹೋಗುವ ದಾರಿ

ನನ್ನ ತಮ್ಮ ಆ ಹುಡುಗಿಯನ್ನು ಮೊದಲ ಸಲ ಮನೆಗೆ ಕರೆದುಕೊಂಡು ಬಂದಾಗ ನಾನು ಬೆಳಗಿನ ಪಾಳಿ ಮುಗಿಸಿ ಬಂದು, ಶೂ ಕೂಡ ಬಿಚ್ಚದೆ ಸೋಫಾದ ಮೇಲೆ ಒರಗಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾವು ಲಂಡನ್ನಿನ ಹೌನ್ಸ್ಲೋದಲ್ಲಿ, ಇಳಿಯುವ ವಿಮಾನಗಳ ಸದ್ದಿಗೆ ಕಿಟಕಿಯ ಗಾಜು ಅದುರುವ ಒಂದು ಬೀದಿಯಲ್ಲಿ ಬಾಡಿಗೆಗಿದ್ದೆವು. ವಿಮಾನಗಳಿಗೆ ಊಟದ ಟ್ರೇ ಜೋಡಿಸಿ ಕಳಿಸುವ ದೊಡ್ಡ ಅಡುಗೆಮನೆಯೊಂದರಲ್ಲಿ ನನಗೆ ಕೆಲಸ. ನನ್ನ ಗಂಡ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿ ಹಗಲೆಲ್ಲ ಮಹಡಿಯ ಕೋಣೆಯಲ್ಲಿ ಮಲಗುತ್ತಿದ್ದರು. ತಮ್ಮನಿಗೆ ವಿಮಾನಗಳಿಗೆ ಲಗೇಜು ತುಂಬುವ ಕೆಲಸ. ಹಿಂದಿನ ಸಣ್ಣ ಕೋಣೆ ಅವನದು. ಮೂವರೂ ಒಟ್ಟಿಗೆ ಎಚ್ಚರವಾಗಿರುವ ಹೊತ್ತು ಭಾನುವಾರ ಬಿಟ್ಟರೆ ಸಿಗುತ್ತಿರಲಿಲ್ಲ.

ನಾನು ಏಳಲು ಹೊರಟಾಗ ಹುಡುಗಿ ಭುಜ ಹಿಡಿದು ಕೂರಿಸಿದಳು. "ಏಳ್ಬೇಡಿ ಆತೆ. ನಿಮ್ಮ ಕಾಲು ಊದಿದೆ" ಎಂದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಇಬ್ಬರಿಗೂ ಚರ್ಚಿನಲ್ಲಿ ಪರಿಚಯವಾಗಿತ್ತು. ಆತೆ ಎಂದದ್ದು ನನ್ನ ಕಿವಿಗೆ ಅತ್ತೆ ಎಂದೇ ಬಿದ್ದು, ಬಂದವಳೇ ಸೋದರತ್ತೆಯ ಸಂಬಂಧ ಹಚ್ಚಿದಳಲ್ಲ ಎಂದು ನನಗೆ ವಿಚಿತ್ರವೆನಿಸಿತು. ಆಮೇಲೆ ತಮ್ಮ ನಕ್ಕು, ಅವರ ಕಡೆ ಆತೆ ಎಂದರೆ ಅಕ್ಕ ಎಂದು ತಿಳಿಸಿದ.

ಆ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಊರಿಗೆ ಫೋನು ಮಾಡಿದೆ. ನಮ್ಮದು ಉಡುಪಿ ಕಡೆಯ ಕ್ರಿಶ್ಚಿಯನ್ ಮನೆ. ಮನೆಯೊಳಗೆ ಕೊಂಕಣಿ, ಅಂಗಳ ದಾಟಿದರೆ ತುಳು, ಶಾಲೆಯಲ್ಲಿ ಕನ್ನಡ. ನಾನು ಓದಿದ್ದೂ ಬರೆದದ್ದೂ ಕನ್ನಡವಾದ್ದರಿಂದ ಅಮ್ಮನ ಕೊಂಕಣಿಯನ್ನೂ ಆ ಹುಡುಗಿಯ ಇಂಗ್ಲಿಷನ್ನೂ ನಮ್ಮ ಕಡೆಯ ಕನ್ನಡದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ತಲೆಯೊಳಗೆ ಈಗ ಅವು ಹಾಗೆಯೇ ಉಳಿದಿವೆ.

"ಯಾವ ಊರಿನ ಹುಡುಗಿ ಅದು?" ಅಮ್ಮ ಕೇಳಿದರು.

"ಫಿಲಿಪ್ಪೀನ್ಸ್."

"ನಾನು ದೇಶ ಕೇಳಿದ್ದಲ್ಲ. ಊರು ಯಾವುದು?"

ನನಗೆ ಗೊತ್ತಿರಲಿಲ್ಲ.

"ಮದುವೆ ಆಗ್ತೇನೆ ಅಂತ ಹೇಳ್ತಾ ಇದ್ದಾನೆ ಅವ. ನೀನು ಅಕ್ಕ ಅಂತ ಅಲ್ಲಿ ಇದ್ದು ಊರು ಸಹ ಕೇಳ್ಲಿಲ್ಲವಾ? ಮನೆಯಲ್ಲಿ ಎಂತ ಮಾತಾಡ್ತಾರೆ ಅವರು?"

"ಕೇಳಿ ಹೇಳ್ತೇನೆ ಅಮ್ಮ. ನಮ್ಮ ಹಾಗೇ ಕೆಥೋಲಿಕ್ ಅಂತೂ ಹೌದು."

"ಅದು ಸರಿ" ಎಂದರು ಅಮ್ಮ. ಆದರೆ ಆ ಸರಿ ಪೂರ್ತಿ ಸರಿಯಾಗಿರಲಿಲ್ಲ.

ಮುಂದಿನ ಸಲ ಅವಳು ಊಟಕ್ಕೆ ಬಂದಾಗ ಕೇಳಿಯೇಬಿಟ್ಟೆ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ತಟ್ಟೆ ಪಕ್ಕಕ್ಕೆ ಸರಿಸಿ ಮೇಜಿನ ಮೇಲಿದ್ದುದನ್ನೆಲ್ಲ ಎಳೆದುಕೊಂಡಳು. ಅವರ ಪ್ರಾಂತ್ಯದ ಹೆಸರು ರೊಂಬ್ಲೋನ್. ನಮ್ಮ ಜಿಲ್ಲೆಯಂಥದ್ದು, ಆದರೆ ಸಮುದ್ರದ ಮೇಲೆ ಚೆಲ್ಲಿಹೋದ ಜಿಲ್ಲೆ. ಸಾರಿನ ಸೌಟನ್ನು ಉದ್ದಕ್ಕೆ ಇಟ್ಟು ಇದು ತಬ್ಲಾಸ್, ಎಲ್ಲಕ್ಕಿಂತ ದೊಡ್ಡ ದ್ವೀಪ ಎಂದಳು. ಅದರ ಪಡುವಣ ಬದಿಯಲ್ಲಿ ಓಡಿಯೊಂಗಾನ್, ಬಂದರು ಮತ್ತು ಸಂತೆ ಇರುವ ಪೇಟೆ. ಕೆಳತುದಿಯ ಹತ್ತಿರ ಲೂಕ್, ಅವಳ ತಾಯಿಯ ಊರು. ಸೌಟಿನ ಬಲಕ್ಕೆ ಒಂದು ನಿಂಬೆಹಣ್ಣು ಇಟ್ಟಳು. ಅದು ರೊಂಬ್ಲೋನ್ ಎಂಬ ಸಣ್ಣ ದ್ವೀಪ. ಅಮೃತಶಿಲೆ ಸಿಗುವ ಜಾಗ, ಸರಕಾರಿ ಕಚೇರಿಗಳಿರುವುದೂ ಅಲ್ಲೇ. ಓಡಿಯೊಂಗಾನಿನವರಿಗೆ ಅದೊಂದು ಅಸಮಾಧಾನ: ಜನ ಇಲ್ಲಿ, ವ್ಯಾಪಾರ ಇಲ್ಲಿ, ಒಂದು ಸಹಿ ಬೇಕಾದರೆ ದೋಣಿ ಹತ್ತಬೇಕು. ನಿಂಬೆಹಣ್ಣಿನಾಚೆ ಸಿಬುಯಾನ್, ದೊಡ್ಡ ಬೆಟ್ಟದ ದ್ವೀಪ. ಅದಕ್ಕೆ ಮುಷ್ಟಿ ಇಟ್ಟಳು. ಕೊನೆಗೆ ತಟ್ಟೆಯಿಂದ ಒಂದು ಕಡಲೆಕಾಳು ಹೆಕ್ಕಿ ಸೌಟಿನ ತಲೆಯಿಂದಾಚೆ, ಉತ್ತರಕ್ಕೆ ಇಟ್ಟಳು.

"ಇದು ಸಿಮಾರಾ. ನಮ್ಮ ಮನೆ ಇಲ್ಲಿ."

"ಯಾರಾದ್ರೂ ಊರು ಕೇಳಿದ್ರೆ ಇದನ್ನೇ ಹೇಳ್ತೀಯಾ?"

"ಇಲ್ಲ. ಓಡಿಯೊಂಗಾನ್ ಅಂತೇನೆ. ಅದೂ ಗೊತ್ತಿಲ್ಲದಿದ್ರೆ ಮನಿಲಾ."

ನಾನೂ ಹಾಗೆಯೇ. ಕೆಲಸದ ಜಾಗದಲ್ಲಿ ಕೇಳಿದವರಿಗೆ ಮುಂಬೈ ಎಂದು ಹೇಳಿ ಮುಗಿಸುತ್ತಿದ್ದೆ. ಒಂದು ಟ್ರೇಯಿಂದ ಇನ್ನೊಂದು ಟ್ರೇಗೆ ಕೈ ಹೋಗುವ ನಡುವೆ ನಮ್ಮೂರು ಶಿರ್ವ ಎಲ್ಲಿದೆ ಎಂದು ವಿವರಿಸುವ ತ್ರಾಣ ಯಾರಿಗಿರುತ್ತದೆ?

ಮಾತಿನ ವಿಷಯ ಕೇಳಿದಾಗ ಅವಳು ಇನ್ನೂ ಸ್ವಲ್ಪ ಹೊತ್ತು ತೆಗೆದುಕೊಂಡಳು. ಅಷ್ಟು ಸಣ್ಣ ಪ್ರಾಂತ್ಯಕ್ಕೆ ಮೂರು ಭಾಷೆ. ರೊಂಬ್ಲೋನ್ ಮತ್ತು ಸಿಬುಯಾನಿನವರದು ಒಂದು. ಲೂಕ್ ಕಡೆಯವರದು ಓನ್ಹಾನ್. ಓಡಿಯೊಂಗಾನ್, ಸಿಮಾರಾ ಮತ್ತು ಉತ್ತರದ ಪುಟ್ಟ ದ್ವೀಪಗಳದು ಆಸಿ. ಆ ಮಾತಿನಲ್ಲಿ ಆಸಿ ಎಂದರೆ 'ಯಾಕೆ' ಎಂದು ಅರ್ಥವಂತೆ. ಯಾವಾಗಲೂ ಯಾಕೆ, ಯಾಕೆ ಎಂದು ಕೇಳುವವರ ಭಾಷೆಗೆ ಅದೇ ಹೆಸರಾಗಿ ನಿಂತಿತು. ಅವಳ ತಂದೆ ಆಸಿ ಆಡುವವರು, ತಾಯಿ ಓನ್ಹಾನ್ ಆಡುವವರು. ಮದುವೆಯಾದ ಮೇಲೂ ಇಬ್ಬರೂ ತಮ್ಮ ತಮ್ಮ ಮಾತು ಬಿಟ್ಟಿರಲಿಲ್ಲ.

"ಜಗಳ ಆಗುವಾಗ ಎಂತ ಮಾಡ್ತಿದ್ರು?"

"ಅಮ್ಮ ಅವಳ ಮಾತಿನಲ್ಲಿ ಬೈತಿದ್ಲು, ಅಪ್ಪ ಅವರ ಮಾತಿನಲ್ಲಿ ಬೈತಿದ್ರು. ಅರ್ಥ ಆಗದೆ ಹೋದದ್ದು ಒಂದು ಸಲವೂ ಇಲ್ಲ."

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. "ಮನೆಗೊಂದು, ಬೀದಿಗೊಂದು, ಶಾಲೆಗೊಂದು ಅಂತ ಆಯ್ತಲ್ಲ. ಹಾಗಾದ್ರೆ ನಮ್ಮ ಹಾಗೇ" ಎಂದರು. ಮದುವೆಗೆ ಅವರ ಒಪ್ಪಿಗೆ ಸಿಕ್ಕಿದ್ದು ಹಾಗೆ.

ಮಗು ಹುಟ್ಟಿದ ಮೇಲೆ ಅವರಿಬ್ಬರೂ ನಮ್ಮ ಬೀದಿಯಲ್ಲೇ, ಕೂಗಿದರೆ ಕೇಳುವಷ್ಟು ಹತ್ತಿರ, ಒಂದು ಫ್ಲ್ಯಾಟಿಗೆ ಹೋದರು. ಆದರೆ ಹಗಲಿನಲ್ಲಿ ಮಗು ನಮ್ಮ ಮನೆಯಲ್ಲೇ. ನಾನು ಕತ್ತಲಿರುವಾಗಲೇ ಬಸ್ಸು ಹಿಡಿದು ಹೋಗಿ, ಮಧ್ಯಾಹ್ನಕ್ಕೆ ಮುಂಚೆ ಪಾಳಿ ಮುಗಿಸಿ ಬರುವ ಹೊತ್ತಿಗೆ ಇಬ್ಬರಲ್ಲಿ ಒಬ್ಬರು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದರು. ಹಾಲು ಎಷ್ಟು ಕುಡಿದಿದೆ, ಯಾವಾಗ ಮಲಗಿತ್ತು, ಅಷ್ಟೇ ಮಾತು. ಕೈಯಿಂದ ಕೈಗೆ ಮಗು, ಕೈಯಿಂದ ಕೈಗೆ ಚೀಲ. ಮೇಲೆ ನನ್ನ ಗಂಡ ಮಲಗಿರುತ್ತಿದ್ದರು, ಹಾಗಾಗಿ ಅಳಲು ಬಿಡುವಂತಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೆ. ನಡೆಯುತ್ತಲೇ ಕಣ್ಣು ಮುಚ್ಚಿಹೋಗುತ್ತಿತ್ತು. ನನಗೆ ಮಕ್ಕಳಿರಲಿಲ್ಲ. ಅದಕ್ಕೇ ಜನ ನನ್ನನ್ನು ಪುಣ್ಯವಂತೆ ಎನ್ನುತ್ತಿದ್ದರು. ಮನೆ ತುಂಬ ಮಗು ಸಿಕ್ಕಿತಲ್ಲ ಎಂದು. ನಿಜವೇ. ಆದರೆ ನನಗೆ ಆ ವರ್ಷಗಳಲ್ಲಿ ಬೇಕಾಗಿದ್ದದ್ದು ನಿದ್ದೆ.

ಮಗುವಿಗೆ ಇನ್ನೂ ಎರಡು ತುಂಬಿರಲಿಲ್ಲ, ಚಳಿಗಾಲ ಶುರುವಾಗಿತ್ತು. ಒಂದು ಮಧ್ಯಾಹ್ನ ತಮ್ಮನ ಹೆಂಡತಿ ಪಾಳಿಯ ನಡುವೆಯೇ, ನರ್ಸಿನ ಉಡುಪಿನ ಮೇಲೆ ಕೋಟು ಹಾಕಿಕೊಂಡು ಬಂದಳು. ತಂದೆಗೆ ಹುಷಾರಿಲ್ಲ, ಇನ್ನು ಹೆಚ್ಚು ದಿನ ಇಲ್ಲ ಎಂದು ಚಿಕ್ಕಮ್ಮ ಓಡಿಯೊಂಗಾನಿನಿಂದ ಫೋನು ಮಾಡಿದ್ದರು. ಅಲ್ಲಿನ ಆಸ್ಪತ್ರೆಗೆ ಕರೆತರಲು ನೋಡಿದರೆ ಮುದುಕ ಒಪ್ಪಿರಲಿಲ್ಲ. ದೋಣಿಯಲ್ಲಿ ಮಲಗಿಕೊಂಡು ನಾನು ಎಲ್ಲಿಗೂ ಬರುವುದಿಲ್ಲ ಎಂದು ಹಟ ಹಿಡಿದಿದ್ದರಂತೆ.

"ಹೋಗು. ಮಗು ಇಲ್ಲಿರ್ಲಿ" ಎಂದೆ.

"ನಿಮ್ಮಿಂದ ಆಗ್ತದಾ ಆತೆ?"

ಆಗುತ್ತದೆ ಎಂದೆ. ಬೇರೆ ಏನು ಹೇಳಲಿಕ್ಕಿತ್ತು? ತಮ್ಮನಿಗೆ ಹೋಗಲು ರಜೆ ಸಿಗಲಿಲ್ಲ. ಅವಳು ಒಬ್ಬಳೇ ಹೊರಟಳು.

ಲಂಡನ್ನಿನಿಂದ ಮನಿಲಾ ಬಹಳ ದೂರ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅದು ಸುಲಭದ ಭಾಗ ಎಂದು ಆಮೇಲೆ ತಿಳಿಯಿತು. ವಿಮಾನ ಹೊತ್ತಿಗೆ ಸರಿಯಾಗಿ ಇಳಿಯಿತು. ಅಲ್ಲಿಂದ ಬಸ್ಸಿನಲ್ಲಿ ಬಟಾಂಗಾಸ್ ಎಂಬ ಬಂದರಿಗೆ ಹೋಗಬೇಕು. ಬಟಾಂಗಾಸಿನಿಂದ ಹಡಗು ಇಡೀ ರಾತ್ರಿ ಸಾಗಿ ಓಡಿಯೊಂಗಾನ್ ಮುಟ್ಟುತ್ತದೆ. ಓಡಿಯೊಂಗಾನಿನಿಂದ ರಸ್ತೆಯಲ್ಲಿ ಉತ್ತರಕ್ಕೆ ಕಲತ್ರಾವಾ. ಅಲ್ಲಿಂದ ಸಿಮಾರಾಕ್ಕೆ, ಎರಡೂ ಬದಿಗೆ ಬಿದಿರು ಕಟ್ಟಿದ ಸಣ್ಣ ದೋಣಿ. ಹೊರಡುವ ಮುಂಚೆ ಇದನ್ನು ಅವಳು ತಮ್ಮನಿಗೆ ಹೇಳುವಾಗ ನಾನು ಮಗುವಿನ ಬಟ್ಟೆ ಮಡಚುತ್ತಿದ್ದೆ, ಅರ್ಧ ಮಾತ್ರ ಕಿವಿಗೆ ಬಿದ್ದಿತ್ತು.

ಫೋನು ಬಂದದ್ದು ಬಟಾಂಗಾಸಿನಿಂದ. ನಮಗೆ ಮಧ್ಯಾಹ್ನ, ಅವಳಿಗೆ ಸಂಜೆ ಕಳೆದಿತ್ತು.

"ಹಡಗು ಇಲ್ಲ ಆತೆ."

"ತಪ್ಪಿತಾ?"

"ತಪ್ಪಿದ್ದಲ್ಲ. ಬಿಡ್ತಾ ಇಲ್ಲ. ಬಿರುಗಾಳಿ ಬರ್ತಾ ಉಂಟು. ಅಪಾಯದ ಸಿಗ್ನಲ್ ಹಾಕಿದ್ದಾರೆ. ಅದು ಇಳಿಸುವ ತನಕ ಯಾವ ಹಡಗೂ ಹೋಗ್ಲಿಕ್ಕಿಲ್ಲ."

ನಾನು ಕಿಟಕಿಯಿಂದ ನೋಡಿದೆ. ಹೌನ್ಸ್ಲೋದಲ್ಲಿ ಗಾಳಿಯೂ ಇರಲಿಲ್ಲ. ಬೂದು ಬಣ್ಣದ ಆಕಾಶ, ಒಂದರ ಹಿಂದೆ ಒಂದು ಇಳಿಯುತ್ತಿದ್ದ ವಿಮಾನಗಳು.

ಮರುದಿನವೂ ಅಲ್ಲಿಂದಲೇ ಫೋನು ಮಾಡಿದಳು. ಆ ಮೇಲಿನ ದಿನವೂ. ಬಂದರಿನ ಕಾಯುವ ಕೋಣೆಯಲ್ಲಿ ಜನ ರಟ್ಟಿನ ಪೆಟ್ಟಿಗೆಗಳ ಮೇಲೆ ಮಲಗಿದ್ದರು. ಕ್ರಿಸ್ಮಸ್ಸಿಗೆ ಮುಂಚೆ ಊರಿಗೆ ಹೊರಟವರು, ಮನಿಲಾದಲ್ಲಿ ಮನೆಗೆಲಸ ಮಾಡುವವರು, ಕೋಳಿ ಕಟ್ಟಿಕೊಂಡು ಬಂದವರು.

"ಇಡೀ ಪ್ರಾಂತ್ಯವೇ ಇಲ್ಲಿ ಕೂತಿದೆ ಆತೆ. ಲೂಕಿನವರೆಲ್ಲ ಶೌಚಾಲಯದ ಬದಿ, ನಾವು ಬಾಗಿಲಿನ ಬದಿ. ನಾನು ಎರಡೂ ಕಡೆ ಹೋಗಿ ಮಾತಾಡ್ಲಿಕ್ಕೆ ಆಗುವವಳು. ಬೆಂಚಿನಲ್ಲಿ ನನ್ನ ಪಕ್ಕ ಬಾಂತೋನ್ ದ್ವೀಪದ ಒಂದು ಅಜ್ಜಿ ಇದ್ದಾರೆ. ನನ್ನ ಆಸಿ ಕೇಳಿ ಸಿಮಾರಾದವಳು ಅಂತ ಕೂಡ್ಲೇ ಹೇಳಿದ್ರು. ಎಷ್ಟು ವರ್ಷ ಆಯ್ತು, ಯಾರೂ ಹಾಗೆ ಗುರುತು ಹಿಡಿಯದೆ."

ಅವಳ ದನಿಯಲ್ಲಿ ಒಂದು ತರಹದ ಸಮಾಧಾನವಿತ್ತು. ಕಾಯುವುದು ಅಭ್ಯಾಸವಾದವರ ದನಿ. ನನಗೇ ಸಿಟ್ಟು ಬರುತ್ತಿತ್ತು, ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು. ಬೆಳಿಗ್ಗೆ ನಾನು ಜೋಡಿಸಿದ ಟ್ರೇಗಳಲ್ಲಿ ಕೆಲವು ಅದೇ ದಿಕ್ಕಿಗೆ ಹಾರಿಹೋಗುತ್ತಿದ್ದವು. ಇಡೀ ಭೂಮಿ ಸುತ್ತಿ ಹೋದವಳಿಗೆ ಅಷ್ಟು ಸಣ್ಣ ನೀರು ದಾಟಲು ಆಗುತ್ತಿಲ್ಲವಲ್ಲ ಎನಿಸುತ್ತಿತ್ತು.

ಮಗುವಿಗೆ ಕೆಮ್ಮು ಹತ್ತಿತು. ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಎದೆ ಪರೀಕ್ಷಿಸಿ, ಏನಿಲ್ಲ, ನೀರು ಕುಡಿಸಿ ಎಂದರು. ತಮ್ಮನ ಪಾಳಿ ಬದಲಾದ ದಿನ ಮಗು ನೋಡಲು ಯಾರೂ ಇರದೆ ನಾನು ಕೆಲಸಕ್ಕೆ ಚಕ್ಕರ್ ಹಾಕಿದೆ. ನನ್ನ ಗಂಡ ನಿದ್ದೆಗಣ್ಣಿನಲ್ಲೇ ಮೆಟ್ಟಿಲ ಮೇಲೆ ಬಂದು ನಿಂತು, "ನನ್ನ ಹತ್ರ ಕೊಡು, ನೀನು ಸ್ವಲ್ಪ ಮಲಗು" ಎಂದರು. ಮಗುವನ್ನು ಎದೆಯ ಮೇಲೆ ಹಾಕಿಕೊಂಡು ಕುರ್ಚಿಯಲ್ಲಿ ಕೂತವರು ಐದೇ ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದರು. ಮಗು ಅವರ ಮೂಗನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು. ನಾನು ಮಲಗಲಿಲ್ಲ.

ಫೋನು ಬಂದಾಗ ಅನ್ನಕ್ಕೆ ಇಟ್ಟಿದ್ದೆ.

"ಅಪ್ಪ ಹೋದ್ರು ಆತೆ."

"ನೀನೀಗ ಎಲ್ಲಿದ್ದೀ?"

"ಬಟಾಂಗಾಸಿನಲ್ಲೇ. ಅದೇ ಬೆಂಚು."

"ಊಟ ಆಯ್ತಾ?" ಎಂದು ಕೇಳಿದೆ.

"ಆಯ್ತು. ಬಾಂತೋನಿನ ಅಜ್ಜಿ ಅನ್ನ ಕೊಟ್ರು."

ಅವಳ ಹಿಂದೆ ಯಾರದೋ ಕೂಗು, ಮಕ್ಕಳ ಗಲಾಟೆ. ಆಮೇಲೆ, ಮಗುವಿಗೆ ಫೋನು ಕೊಡಿ ಎಂದಳು. ಕೊಟ್ಟೆ. ಅವಳು ಏನೋ ಹೇಳುತ್ತಿದ್ದಳು. ಮಗು ಫೋನಿನ ತಂತಿ ಕಚ್ಚುತ್ತ ಕೇಳುತ್ತಿತ್ತು. ನಾನು ವಾಪಸು ತೆಗೆದುಕೊಂಡು, ಮಣ್ಣು ಮಾಡುವುದು ಯಾವಾಗ ಎಂದು ಕೇಳಿದೆ.

"ನಾನು ಹೋದ ಮೇಲೆ. ಕಾಯ್ತಾರೆ."

"ಗಾಳಿ ನಿಲ್ಲದಿದ್ರೆ?"

"ಮದ್ದು ಹಾಕಿ ಇಡ್ತಾರೆ, ಎಷ್ಟು ದಿನ ಆದ್ರೂ ಕಾಯ್ತಾರೆ. ನಮ್ಮಲ್ಲಿ ಹಾಗೇ ಆತೆ. ಎಲ್ಲರ ಮಕ್ಕಳೂ ಹಡಗಿನಲ್ಲೇ ಬರ್ಬೇಕಲ್ಲ."

ಕೆಲಸದಿಂದ ತಮ್ಮ ಬಂದಾಗ ನಾನೇ ಹೇಳಬೇಕಾಯಿತು. ಅವನು ಕೆಲಸದ ಹಳದಿ ಜಾಕೆಟ್ಟಿನಲ್ಲೇ ಮೆಟ್ಟಿಲ ಮೇಲೆ ಕೂತ. ಮಾವನನ್ನು ಅವನು ಒಂದು ಸಲವೂ ನೋಡಿರಲಿಲ್ಲ. ಫೋನಿನಲ್ಲಿ ಮಾತಾಡಿದಾಗಲೂ ಮುದುಕನಿಗೆ ಇಂಗ್ಲಿಷಿನಲ್ಲಿ ಹಲೋ, ಥ್ಯಾಂಕ್ಯೂ ಬಿಟ್ಟು ಹೆಚ್ಚು ಬರುತ್ತಿರಲಿಲ್ಲ. "ನಾನು ಸಹ ಹೋಗ್ಬೇಕಿತ್ತು ಅಕ್ಕ" ಎಂದ. ಮಗು ಹೋಗಿ ಅವನ ಬೂಟಿನ ಲೇಸು ಬಿಚ್ಚತೊಡಗಿತು.

ಸಿಗ್ನಲ್ ಇಳಿದ ಮೇಲೆ ಹಡಗು ಬಿಟ್ಟಿತು. ಓಡಿಯೊಂಗಾನ್ ತಲುಪಿ ಚಿಕ್ಕಮ್ಮನ ಮನೆಯಿಂದ ಒಂದು ಸಲ ಮಾತಾಡಿದಳು. ಸಮುದ್ರ ಇನ್ನೂ ಇಳಿದಿಲ್ಲ, ಕಲತ್ರಾವಾದಿಂದ ಸಣ್ಣ ದೋಣಿ ಬಿಡುತ್ತಿಲ್ಲ ಎಂದಳು. ಅಷ್ಟೇ. ಆಮೇಲೆ ಏನೂ ಇಲ್ಲ. ಸಿಮಾರಾದ ಅವರ ಕಡೆಗೆ ಫೋನು ಸಿಗುತ್ತಿರಲಿಲ್ಲ. ನಾನು ಕೆಲಸಕ್ಕೆ ಹೋದೆ, ಬಂದೆ, ಮಗುವಿಗೆ ಉಣ್ಣಿಸಿದೆ. ಭಾನುವಾರ ಚರ್ಚಿನಲ್ಲಿ ಮುದುಕನ ಹೆಸರಿನಲ್ಲಿ ಪೂಜೆಗೆ ಹಣ ಕೊಟ್ಟು ಬರೆಸುವಾಗ, ಮೃತರ ಊರು ಯಾವುದೆಂದು ಅಲ್ಲಿನ ಹೆಂಗಸು ಕೇಳಿದಳು. ನಾನು ಸಿಮಾರಾ ಎಂದೆ. ಆಕೆ ಎರಡು ಸಲ ಕೇಳಿ ಬರೆದುಕೊಂಡಳು.

ತಮ್ಮನ ಮೊಬೈಲಿಗೆ ಒಂದು ಮೆಸೇಜು ಬಂತು. ಮುಗಿಯಿತು, ಹೊರಟಿದ್ದೇನೆ ಎಂದು.

ಏರ್‌ಪೋರ್ಟಿಗೆ ನಾನೇ ಮಗುವನ್ನು ಕರೆದುಕೊಂಡು ಹೋಗಿದ್ದೆ. ಅವಳು ಕಪ್ಪಗಾಗಿದ್ದಳು, ಕೆನ್ನೆಯ ಚರ್ಮ ಉಪ್ಪುಗಾಳಿಗೆ ಸುಲಿದಿತ್ತು. ಮಗು ಗುರುತು ಹಿಡಿಯದೆ ನನ್ನ ಕುತ್ತಿಗೆಗೆ ಅಂಟಿಕೊಂಡಿತು. ಅವಳು ಬಲವಂತ ಮಾಡಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಮಗುವಿನ ಕಾಲು ಹಿಡಿದುಕೊಂಡಿದ್ದಳು, ಅಷ್ಟೇ.

ಮನೆಗೆ ಬಂದು, ತಂದಿದ್ದ ಒಣಮೀನನ್ನು ನಾನು ಹುರಿಯುವಾಗ ಹೇಳಿದಳು. ದೋಣಿ ದಡ ಮುಟ್ಟಲು ಆಗದೆ ಗಂಡಸರು ಸೊಂಟದ ನೀರಿಗೆ ಇಳಿದು ಅವಳನ್ನು ಹೊತ್ತು ತಂದರಂತೆ. ಮನೆಯೆದುರು ಜನ, ಅಲ್ಲಿನ ರೂಢಿಯಂತೆ ಇಸ್ಪೀಟು ಆಡುತ್ತ, ಕಾಫಿ ಕುಡಿಯುತ್ತ ಕಾಯುತ್ತಿದ್ದರು. ಅಪ್ಪನ ಮುಖ ಅಪ್ಪನ ಮುಖದ ಹಾಗೇ ಇತ್ತು. ಅವಳ ಅಮ್ಮ ಶವಪೆಟ್ಟಿಗೆಯ ಪಕ್ಕ ಕೂತು ಜೋರಾಗಿ ಅಳುತ್ತ ಆಸಿಯಲ್ಲಿ ಮಾತಾಡುತ್ತಿದ್ದಳು.

"ಅಷ್ಟು ವರ್ಷ ಅಮ್ಮ ಅಪ್ಪನ ಹತ್ರ ಒಂದು ಶಬ್ದ ಆಸಿ ಆಡ್ಲಿಲ್ಲ ಆತೆ. ಅವಳಿಗೆ ಅಷ್ಟು ಚೆನ್ನಾಗಿ ಬರ್ತದೆ ಅಂತ ನನಗೇ ಗೊತ್ತಿರ್ಲಿಲ್ಲ."

ತಾಯಿ ಲೂಕಿನಲ್ಲಿ ಇನ್ನೊಬ್ಬ ತಂಗಿಯ ಮನೆಗೆ ಹೋಗಿ ಇರುವುದೆಂದು ತೀರ್ಮಾನವಾಗಿತ್ತು. ಹೇಳಿ ಮುಗಿಸಿ, ಎರಡು ತುತ್ತು ತಿಂದು, ಅವಳು ಸೋಫಾದಲ್ಲೇ ನಿದ್ದೆ ಹೋದಳು. ಎರಡೇ ದಿನಕ್ಕೆ ವಾರ್ಡಿನ ಕೆಲಸಕ್ಕೆ ಹಾಜರಾದಳು.

ಅದಾದ ಮೇಲೆ ಮಗುವಿನ ಜೊತೆ ಆಸಿಯಲ್ಲಿ ಮಾತಾಡಲು ಶುರುಮಾಡಿದಳು. ಮುಂಚೆ ಸ್ವಲ್ಪ ಮನಿಲಾದವರ ತಗಾಲೊಗ್, ಹೆಚ್ಚು ಇಂಗ್ಲಿಷು ಆಡುತ್ತಿದ್ದವಳು. ತಮ್ಮನದು ಕೊಂಕಣಿ, ನಾನು ಕೊಂಕಣಿಗೆ ಕನ್ನಡ ಬೆರೆಸಿ ಏನೇನೋ ಆಡುತ್ತಿದ್ದೆ. ಮಗು ಎಲ್ಲವನ್ನೂ ಕೇಳಿ ಏನನ್ನೂ ಹೇಳುತ್ತಿರಲಿಲ್ಲ. ಎರಡು ದಾಟಿದರೂ ಬಾಯಲ್ಲಿ ಬೆರಳೆಣಿಕೆಯ ಶಬ್ದ. ಮಕ್ಕಳ ಬೆಳವಣಿಗೆ ನೋಡಲು ಬರುವ ನರ್ಸು, ಮನೆಯಲ್ಲಿ ಎಷ್ಟು ಭಾಷೆ ಎಂದು ಕೇಳಿ, ಒಂದನ್ನು ಆರಿಸಿಕೊಳ್ಳಿ, ಮಗುವಿಗೆ ಗೊಂದಲವಾಗುತ್ತಿದೆ ಎಂದು ಹೇಳಿ ಹೋದಳು. ಆಗ ಹಾಗೆ ಹೇಳುವವರಿದ್ದರು.

ಆ ಸಂಜೆ ತಮ್ಮ ನಮ್ಮ ಅಡುಗೆಮನೆಯಲ್ಲೇ ವಿಷಯ ತೆಗೆದ.

"ನಾನು ಕೊಂಕಣಿ ಬಿಡ್ತೇನೆ. ನೀನು ಅದನ್ನು ಬಿಡು. ನಾಳೆ ನರ್ಸರಿಯಲ್ಲಿ ಯಾರ ಹತ್ರ ಮಾತಾಡ್ಲಿಕ್ಕುಂಟು ಅವಳಿಗೆ ಆಸಿ?"

"ನನ್ನ ಹತ್ರ" ಎಂದಳು ಅವಳು.

"ನೀನು ಮನೆಯಲ್ಲಿರುವುದು ಎಷ್ಟು ಹೊತ್ತು ಹೇಳು."

ಅವನು ಕೆಟ್ಟದಾಗಿ ಹೇಳಿದ್ದಲ್ಲ. ಅವನಿಗೂ ಬೆನ್ನು ನೋವು, ಅವನೂ ಪಾಳಿ ಮುಗಿಸಿ ಬಂದಿದ್ದ. ಅವಳು ನನ್ನ ಮುಖ ನೋಡಿದಳು. ನಾನು, ಮಗು ಒಮ್ಮೆ ಮಾತಾಡುವ ಹಾಗಾಗಲಿ, ಆಮೇಲೆ ನೋಡುವ ಎಂದೆ. ನನಗೂ ಆಗ ಅದು ಸರಿ ಎನಿಸಿತ್ತು. ಅವಳು "ಆಯ್ತು" ಎಂದಳು. ವಾದ ಮಾಡುವ ಶಕ್ತಿ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಮಗುವಿಗೆ ಮಾತು ಬಂತು, ಇಂಗ್ಲಿಷಿನಲ್ಲಿ, ಒಮ್ಮೆ ಬಂದ ಮೇಲೆ ನಿಲ್ಲಲೇ ಇಲ್ಲ.

ಕೆಲವು ವರ್ಷಗಳ ನಂತರ ಅವರು ಲಂಡನ್ನಿನ ಉತ್ತರದ ಕೊಲಿಂಡೇಲಿಗೆ ಹೋದರು, ಲಿಫ್ಟು ಇರುವ ಹೊಸ ಕಟ್ಟಡದ ಫ್ಲ್ಯಾಟಿಗೆ. ಟ್ಯೂಬ್ ರೈಲು ಬದಲಾಯಿಸಿಕೊಂಡು ನಾನು ತಿಂಗಳಿಗೊಮ್ಮೆ ಹೋಗುತ್ತೇನೆ. ಅವರ ಮಗಳು ಈಗ ಶಾಲೆಗೆ ಹೋಗುತ್ತಾಳೆ; ನಾನು ಕೊಂಕಣಿಯಲ್ಲಿ ಕೇಳಿದರೆ ಅರ್ಥವಾಗಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಲೂಕಿನಿಂದ ಅಜ್ಜಿಯ ಫೋನು ಬಂದರೆ ಹಲೋ ಹೇಳಿ ತಾಯಿಗೆ ಕೊಟ್ಟುಬಿಡುತ್ತಾಳೆ.

ಹೋದ ಸಲ ಹೋದಾಗ ಮನೆಯಲ್ಲಿ ಇನ್ನೊಬ್ಬಳಿದ್ದಳು. ಕಲತ್ರಾವಾದಿಂದ ಹೊಸದಾಗಿ ಬಂದ ನರ್ಸು, ತಮ್ಮನ ಹೆಂಡತಿಯದೇ ಆಸ್ಪತ್ರೆ. ಸಣ್ಣ ಕೋಣೆಯಲ್ಲಿ ಬಾಡಿಗೆಗಿದ್ದಾಳೆ. ಇಬ್ಬರೂ ಅಡುಗೆಮನೆಯಲ್ಲಿ ಬಾಗಿಲು ಅರ್ಧ ಮುಚ್ಚಿಕೊಂಡು ಏನೋ ಕೊಚ್ಚುತ್ತ ಆಸಿಯಲ್ಲಿ ಮಾತಾಡುತ್ತಿದ್ದರು. ತಮ್ಮನ ಹೆಂಡತಿ ಅಷ್ಟು ವೇಗವಾಗಿ ಮಾತಾಡುವುದನ್ನು ನಾನು ಕೇಳಿರಲೇ ಇಲ್ಲ. ಇಂಗ್ಲಿಷಿನಲ್ಲಿ ಅವಳು ಮೆತ್ತಗೆ, ತೂಗಿ ಆಡುವವಳು. ಇದು ಬೇರೆ ಹೆಂಗಸು. ದನಿ ದಪ್ಪ, ನಗು ಜೋರು. ಮಗಳು ಟೀವಿಯ ಸದ್ದು ಏರಿಸಿದಳು.

"ಎಂತ ಅಷ್ಟು ನಗುವುದು ನೀವು?" ಸೋಫಾದಿಂದಲೇ ತಮ್ಮ ಕೂಗಿ ಕೇಳಿದ.

ಒಳಗಿನವರಿಗೆ ಅದು ಕೇಳಿಸಲೂ ಇಲ್ಲ. ನನಗೆ ಮರುದಿನ ಬೆಳಗಿನ ಪಾಳಿ ಇತ್ತು, ಹೊರಡಬೇಕಿತ್ತು. ಕೋಟು ಹಾಕಿಕೊಂಡು ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತೆ. ಅವರ ಮಾತಿನ ನಡುವೆ ಹೋಗಿ ಬರುತ್ತೇನೆಂದು ಹೇಳಲು ಮನಸ್ಸಾಗದೆ, ತಮ್ಮನಿಗೆ ಮಾತ್ರ ಕೈ ಬೀಸಿ ಲಿಫ್ಟಿನ ಕಡೆ ನಡೆದೆ.